ಬೆನ್ನ ಹಿಂದೆ ನಿಂತು ಓದಿದ ಪಾಠ

ಬನಹಟ್ಟಿಯ ಮೇಲೆ ಧೀರೇಂದ್ರ ಗಲಗಲಿ ಮಾಸ್ತರರಿಗಿದ್ದ ತಕರಾರು ಒಂದೇ. ಈ ಊರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಚಹಾದಂಗಡಿಯ ಒಂದೇ ಬಾಕಿನ ಮೇಲೆ ಕೂತ ಇಬ್ಬರು ಹೊಳೆಯ ಆಚೆ ದಂಡೆಯವರನ್ನು ಕರೆಯುವ ಹಾಗೆ ಕೂಗಿಕೊಳ್ಳುತ್ತಾರೆ. ಗಂಡ ಹೆಂಡತಿ ಜಗಳವಾಡಿದರೆ ಓಣಿಗೆಲ್ಲ ಗೊತ್ತಾಗುತ್ತದೆ, ರಾಜಿಯಾದರೂ ಗೊತ್ತಾಗುತ್ತದೆ. ಪಾಪ, ಅವರಾದರೂ ಏನು ಮಾಡಿಯಾರು? ಮನೆಗೆ ಹೊಂದಿಕೊಂಡೇ ಶೆಡ್ಡು, ಶೆಡ್ಡಿನಲ್ಲಿ ನಾಲ್ಕೋ ಎಂಟೋ ಮಗ್ಗ. ಬೆಳಿಗ್ಗೆ ಖಟಖಟ ಶುರುವಾದರೆ ಕರೆಂಟು ಹೋದಾಗಲೇ ಬಿಡುವು. ಆ ಸದ್ದಿನಲ್ಲಿ ಬೆಳೆದ ಮಕ್ಕಳು ಮಾತನ್ನು ಕಿವಿಯಿಂದ ಕೇಳುವುದಕ್ಕಿಂತ ಎದುರಿನವರ ತುಟಿ ನೋಡಿ ತಿಳಿದುಕೊಳ್ಳುವುದೇ ಹೆಚ್ಚು. ದೊಡ್ಡವರು ಚಿಕ್ಕವರೆನ್ನದೆ ಎಲ್ಲರ ಕಿವಿಯಲ್ಲೂ ಒಂದೊಂದು ಹತ್ತಿಯ ಉಂಡೆ ತುರುಕಿರುತ್ತದೆ. ಅದನ್ನು ಯಾರೂ ಲಕ್ಷ್ಯಕ್ಕೆ ತಂದುಕೊಳ್ಳುವುದಿಲ್ಲ.

ಈ ಊರಿನ ಮಕ್ಕಳಿಗೆ ಕೇಳುವುದನ್ನೂ ಮಾತಾಡುವುದನ್ನೂ ಕಲಿಸುತ್ತೇನೆ ಎಂದು ಹೊರಟವರು ನಮ್ಮ ಮಾಸ್ತರರು. ಹೊರಟಿದ್ದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಆ ಒಳ್ಳೆಯ ಮನಸ್ಸಿನ ಕಣ್ಣೆದುರಿಗೇ ಎಂಟನೆಯ ಇಯತ್ತೆಯ ಒಂದು ಹುಡುಗಿಯ ಕಿವಿ ಹೋಯಿತು. ಇದನ್ನು ಈಗಲೇ ಹೇಳಿಬಿಡುವುದು ವಾಸಿ. ಮುಚ್ಚಿಟ್ಟು ಕೊನೆಗೆ ತೆಗೆದು ತೋರಿಸುವ ಸಂಗತಿ ಇದಲ್ಲ.

ಮಾಸ್ತರರ ಮನೆ ಇರುವುದು ಜಮಖಂಡಿಯಲ್ಲಿ. ಹಿರಿಯರು ಯಾವ ಕಾಲಕ್ಕೋ ಗಲಗಲಿಯಿಂದ ಬಂದವರು, ಅಡ್ಡಹೆಸರು ಮಾತ್ರ ಹೊಳೆದಂಡೆಯದಾಗಿ ಉಳಿದಿದೆ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಐದನೆಯ ಇಯತ್ತೆಯಲ್ಲಿದ್ದಾಗ ಸ್ವಾತಂತ್ರ್ಯ ದಿನದ ಭಾಷಣಕ್ಕೆ ನಿಂತ ಹುಡುಗನ ಬಾಯಿಂದ ಕನ್ನಡದ ನಡುವೆ ಮರಾಠಿ ನುಗ್ಗಿ ಇಡೀ ಸಾಲೆ ಬಿದ್ದು ಬಿದ್ದು ನಕ್ಕಿತ್ತು. ತಾಯಿ ತುಳಸಾಬಾಯಿ ಸಮಾಧಾನ ಮಾಡಲು ಹೋಗಲಿಲ್ಲ. "ಅಳಬ್ಯಾಡ, ನಿನ್ನ ಮಾತು ನೀನ ಕೇಳಿ ನೋಡು, ಎಲ್ಲಿ ತಪ್ಪಿತು ನೀನ ಹುಡುಕು" ಅಂದಳು. ಹುಡುಗ ದಿನಾ ಸಂಜೆ ರಾಮತೀರ್ಥದ ಗುಡ್ಡ ಹತ್ತಿ ಒಬ್ಬನೇ ಮಾತಾಡಿದ, ತನ್ನ ಮಾತನ್ನು ತಾನೇ ಕೇಳಿಕೊಂಡ, ತಿದ್ದಿಕೊಂಡ. ಎರಡು ವರ್ಷಕ್ಕೆ ಅದೇ ಸಾಲೆಯಲ್ಲಿ ಬಹುಮಾನ ತಗೊಂಡ. ತನ್ನ ತಪ್ಪನ್ನು ತಾನೇ ಹುಡುಕಿಕೊಂಡರೆ ಸರಿಹೋಗದ್ದು ಲೋಕದಲ್ಲಿ ಏನೂ ಇಲ್ಲ ಎಂಬ ನಂಬಿಕೆ ಅವತ್ತೇ ಗಟ್ಟಿಯಾಯಿತು. ಆ ನಂಬಿಕೆಯನ್ನೇ ಹೊತ್ತುಕೊಂಡು ಕನ್ನಡ ಮಾಸ್ತರರಾದರು, ಬಸ್ಸಿನಲ್ಲಿ ಬನಹಟ್ಟಿಗೆ ಹೋಗಿ ಬಂದು ಇಪ್ಪತ್ತು ವರ್ಷ ಕಳೆದರು.

ಅವರ ಶನಿವಾರದ ತಾಸು ಸುತ್ತಲಿನ ನಾಲ್ಕಾರು ಸಾಲೆಗಳಲ್ಲಿ ಹೆಸರು ಮಾಡಿತ್ತು. ಮುಂಜಾನೆ ಸಾಲೆ, ಊರಿನಿಂದ ತುಸು ಹೊರಗಿನ ಕಟ್ಟಡ, ಮಗ್ಗದ ಸದ್ದು ಅಲ್ಲಿಗೆ ಕ್ಷೀಣವಾಗಿ ಬರುತ್ತದೆ. ಮೊದಲ ಅರ್ಧ ತಾಸು ಕೇಳುವುದು. ಮಕ್ಕಳೆಲ್ಲ ಹಲಗೆಯ ಕಡೆ ಮುಖ ಮಾಡಿ ಕೂಡ್ರಬೇಕು. ಮಾಸ್ತರರು ಹಿಂದಿನ ಗೋಡೆಗೆ ಹೋಗಿ ನಿಂತು, ಅವರ ಬೆನ್ನ ಹಿಂದಿನಿಂದ ಮೆಲುದನಿಯಲ್ಲಿ ಒಂದು ಪುಟ ಓದುತ್ತಾರೆ. ಯಾರೂ ತಿರುಗಿ ನೋಡುವಂತಿಲ್ಲ. ತುಟಿ ನೋಡಿ ತಿಳಿಯುವ ಊರಿನ ಚಟ ಬಿಡಿಸಲಿಕ್ಕೆ ಅವರು ಕಂಡುಕೊಂಡ ಉಪಾಯ ಅದು. ಉಳಿದರ್ಧ ತಾಸು ಕೇಳಿದ್ದನ್ನು ಒಬ್ಬೊಬ್ಬರಾಗಿ ಎದ್ದು ಹೇಳುವುದು. ಕೊನೆಗೆ ಎಲ್ಲರೂ ಶನಿವಾರದ ವಹಿ ತೆಗೆದು ನಾಲ್ಕು ಪ್ರಶ್ನೆಗೆ ಉತ್ತರ ಬರೆಯಬೇಕು. ಇವತ್ತು ಎಷ್ಟು ಕೇಳಿಸಿಕೊಂಡೆ? ಎಲ್ಲಿ ತಪ್ಪಿದೆ? ಯಾಕೆ ತಪ್ಪಿದೆ? ಮುಂದಿನ ವಾರ ಏನು ಮಾಡುತ್ತೇನೆ? ಮಾಸ್ತರರು ಅಂಕ ಹಾಕುತ್ತಿರಲಿಲ್ಲ. ಮಕ್ಕಳು ತಮಗೆ ತಾವೇ ಹಾಕಿಕೊಳ್ಳಬೇಕಿತ್ತು.

ಶೀತಲ್ ಆ ತರಗತಿಗೆ ಬಂದದ್ದು ಹೋದ ವರ್ಷದ ಜೂನ್‌ನಲ್ಲಿ. ಅಪ್ಪ ಜಕ್ಕಪ್ಪ ಗಲಗಲಿ ಸೀಮೆಯ ಕುರಿಯವರ ಮನೆತನದವನು. ಅವನ ಅಣ್ಣ ಮಾಳಿಂಗರಾಯ ಕುರಿ ಇಟ್ಟುಕೊಂಡ, ಜಕ್ಕಪ್ಪ ಬನಹಟ್ಟಿಗೆ ಬಂದು ಮಾಲಕರ ಶೆಡ್ಡಿನಲ್ಲಿ ಮಗ್ಗ ಹಿಡಿದ. ಹೆಂಡತಿ ಹೊಳೆವ್ವ ಅಲ್ಲೇ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಾಳೆ. ಶೆಡ್ಡಿಗೆ ತಾಗಿದ ಒಂದು ಕೋಣೆ, ಅದೇ ಮನೆ. ಮಾಸ್ತರರ ಅಡ್ಡಹೆಸರು ಕೇಳಿದ ದಿನ ಜಕ್ಕಪ್ಪನಿಗೆ ಎಲ್ಲಿಲ್ಲದ ಖುಷಿ. "ನಿಮ್ಮ ಹೆಸರಿನ ಊರವ್ರರೀ ನಾವು. ನಮ್ಮ ಹುಡುಗಿ ಇನ್ನ ನಿಮ್ಮ ಕೈಯಾಗ ಐತಿ ನೋಡ್ರಿ ಸರ" ಎಂದು ಕೈಮುಗಿದಿದ್ದ.

ಹುಡುಗಿ ಚುರುಕು. ಮಾಸ್ತರರು ಹಲಗೆಯ ಮುಂದೆ ನಿಂತು ಕೇಳಿದ ಪ್ರಶ್ನೆಗೆ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದಳು. ಶನಿವಾರ ಬಂತೆಂದರೆ ಮಾತ್ರ ಅವಳ ವಹಿ ಖಾಲಿ. ಬೆನ್ನ ಹಿಂದಿನಿಂದ ಓದಿದ ಪುಟದಲ್ಲಿ ಒಂದು ಸಾಲೂ ಅವಳಿಗೆ ಹತ್ತುತ್ತಿರಲಿಲ್ಲ. ಮುಂದೆ ನಿಂತರೆ ಎಲ್ಲ ಗೊತ್ತು, ಹಿಂದೆ ನಿಂತರೆ ಏನೂ ಗೊತ್ತಿಲ್ಲ. ಇಷ್ಟು ಕಂಡಮೇಲೆ ಯಾರಿಗಾದರೂ ತಲೆಯಲ್ಲಿ ದೀಪ ಹತ್ತಬೇಕಿತ್ತು. ಮಾಸ್ತರರಿಗೂ ಹತ್ತಿತು, ಆದರೆ ಬೇರೆಯದೇ. 'ನೋಡು, ನಾನು ಹೇಳುತ್ತಿದ್ದುದು ಇದನ್ನೇ. ತುಟಿ ನೋಡುವ ಚಟ ಈ ಹುಡುಗಿಗೆ ಎಷ್ಟು ಹತ್ತಿಬಿಟ್ಟಿದೆ ಎಂದರೆ ಕಿವಿ ಇದ್ದೂ ಉಪಯೋಗಿಸುವುದನ್ನೇ ಮರೆತಿದ್ದಾಳೆ.' ತಮ್ಮ ಉಪಾಯಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು ಎಂದು ಅವರಿಗೆ ಒಳಗೊಳಗೇ ಹಿಗ್ಗು.

ಮೊದಲ ವಾರ ಶೀತಲ್ 'ಯಾಕೆ ತಪ್ಪಿದೆ' ಎಂಬುದರ ಕೆಳಗೆ ಏನೂ ಬರೆಯಲಿಲ್ಲ. ಮಾಸ್ತರರು ಪ್ರೀತಿಯಿಂದಲೇ ಹತ್ತಿರ ಕರೆದರು.

"ಏನಾರ ಬರಿ ಶೀತಲ್. ಹೆದರಬ್ಯಾಡ. ನಿನ್ನ ಮನಸ್ಸು ಎಲ್ಲಿ ಹೋಗಿತ್ತು ಅಂತ ನೀನ ಹುಡುಕು."

ಹುಡುಗಿ ಅವರ ಬಾಯಿಯನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಕೂತು ಬರೆದಳು: 'ನಾನು ಲಕ್ಷ್ಯಗೊಟ್ಟು ಕೇಳಲಿಲ್ಲ. ಮುಂದಿನ ವಾರ ಲಕ್ಷ್ಯಗೊಟ್ಟು ಕೇಳುತ್ತೇನೆ.' ಮಾಸ್ತರರು ಕೆಂಪು ಶಾಯಿಯಲ್ಲಿ 'ಪ್ರಾಮಾಣಿಕ ಉತ್ತರ, ಶಾಬಾಸ್' ಎಂದು ಬರೆದು ಸಹಿ ಹಾಕಿದರು. ಮಾಸ್ತರರಿಗೆ ಬೇಕಾದ ಉತ್ತರ ಯಾವುದೆಂದು ಅವಳಿಗೆ ತಿಳಿಯಿತು. ಅಲ್ಲಿಂದ ಮುಂದೆ ವಾರವಾರವೂ ಅದನ್ನೇ ಬರೆದಳು. ಒಮ್ಮೊಮ್ಮೆ ತನ್ನನ್ನು ಇನ್ನಷ್ಟು ಬೈದುಕೊಂಡು, 'ನಾನು ಆಲಸಿ ಇದ್ದೇನೆ', 'ನನ್ನ ಮನಸ್ಸು ಚಂಚಲ ಇದೆ' ಎಂದೂ ಬರೆದಳು.

ಮಾತಾಡುವ ಪಾಳಿ ಬಂದಾಗ ಅವಳ ದನಿ ಕಿಟಕಿಯ ಗಾಜು ನಡುಗುವಷ್ಟು. "ಮೆಲ್ಲಕ, ಮೆಲ್ಲಕ" ಎಂದು ಮಾಸ್ತರರು ಕೈ ಕೆಳಗೆ ಮಾಡಿ ತೋರಿಸುತ್ತಿದ್ದರು. ಅವಳು ತಗ್ಗಿಸಿದಳು. ಎಷ್ಟು ತಗ್ಗಿಸಿದರೆ ಸರಿ ಎಂಬುದು ತಿಳಿಯದೆ ತಗ್ಗಿಸುತ್ತಲೇ ಹೋಗಿ, ದೀಪಾವಳಿಯ ಹೊತ್ತಿಗೆ ತುಟಿ ಅಲುಗಿದರೂ ದನಿ ಬರದ ಹಾಗಾಯಿತು. ಮಾಸ್ತರರು ಅದಕ್ಕೂ 'ಒಳ್ಳೆಯ ಸುಧಾರಣೆ' ಎಂದು ಬರೆದರು.

ಹೇಳಿದವರು ಇರಲಿಲ್ಲವೆಂದಲ್ಲ. ಅವಳ ಪಕ್ಕ ಕೂಡ್ರುವ ರಾಧಿಕಾ ಒಂದು ಶನಿವಾರ ಎದ್ದು ನಿಂತು, "ಸರ, ಶೀತಲ್‌ನ ಕಿವಿ ನಾರತಾವ್ರಿ. ಹತ್ತಿ ತಗದ್ರ ಕೀವ ಬರತೈತ್ರಿ" ಅಂದಿದ್ದಳು. ತರಗತಿ ನಕ್ಕಿತು. ಇಡೀ ಸಾಲೆ ತಮ್ಮನ್ನು ನೋಡಿ ನಕ್ಕ ದಿನ ಮಾಸ್ತರರಿಗೆ ನೆನಪಾಯಿತು. ಇನ್ನೊಬ್ಬರ ಮಾನ ಕಳೆಯುವುದು ಮಾತಾಡುವ ರೀತಿಯೇ ಎಂದು ರಾಧಿಕಾಳನ್ನು ಹತ್ತು ನಿಮಿಷ ನಿಲ್ಲಿಸಿ ಬೈದರು. ಅವಳ ವಹಿಯಲ್ಲಿ 'ನಾನು ಯೋಚಿಸದೆ ಮಾತಾಡಿದೆ' ಎಂದು ಬರೆಸಿದರು. ಬನಹಟ್ಟಿಯಲ್ಲಿ ಯಾರ ಕಿವಿಯಲ್ಲಿ ಹತ್ತಿ ಇಲ್ಲ? ಕೇಳುವುದನ್ನು ಕಲಿಸುವ ಮನುಷ್ಯ ಆ ಹುಡುಗಿ ಹೇಳಿದ್ದನ್ನು ಕೇಳಲಿಲ್ಲ, ಹೇಳಿದ ರೀತಿಯನ್ನು ಮಾತ್ರ ಕೇಳಿದರು. ಇದಕ್ಕೆ ಏನು ಹೇಳೋಣ?

ಡಿಸೆಂಬರಿನಲ್ಲಿ ಜಮಖಂಡಿಯಲ್ಲಿ ಶಿಕ್ಷಕರ ತರಬೇತಿ ನಡೆಯಿತು. ಮಕ್ಕಳು ತಮ್ಮ ಕೇಳುವಿಕೆಯನ್ನು ತಾವೇ ಹೇಗೆ ಒರೆಗೆ ಹಚ್ಚಿಕೊಳ್ಳಬಹುದು ಎಂದು ಮಾಸ್ತರರು ಭಾಷಣ ಮಾಡಿ, ಶೀತಲ್‌ಳ ವಹಿಯನ್ನು ಎತ್ತಿ ಹಿಡಿದು ಓದಿದರು. ಇಷ್ಟು ಸಣ್ಣ ವಯಸ್ಸಿನಲ್ಲಿ ಇಷ್ಟು ಪ್ರಾಮಾಣಿಕತೆ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ಖುಷಿಯಲ್ಲೇ ಮಾಸ್ತರರು ಹುಡುಗಿಯ ತಾಯಿತಂದೆಗೂ ವಿಷಯ ತಿಳಿಸೋಣವೆಂದು ಮರುದಿನ ಸಾಲೆ ಬಿಟ್ಟ ಮೇಲೆ ಶೆಡ್ಡಿಗೆ ಹೋದರು.

ಹೊಳೆವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಜಕ್ಕಪ್ಪ ಮಗ್ಗ ಬಿಟ್ಟು ಬಂದ. ಇಬ್ಬರೂ ಏನೋ ಹೇಳುತ್ತಿದ್ದರು, ಸದ್ದಿನಲ್ಲಿ ಮಾಸ್ತರರಿಗೆ ಒಂದಕ್ಷರ ತಿಳಿಯಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಶೆಡ್ಡಿನ ಎಂಟೂ ಮಗ್ಗ ಒಮ್ಮೆಲೇ ನಿಂತವು. ಓಣಿಯ ತುದಿಯಲ್ಲಿ ಯಾರೋ ಕೊಡ ಇಟ್ಟ ಸದ್ದೂ ಕೇಳುವಷ್ಟು ಊರು ಸ್ತಬ್ಧವಾಯಿತು.

ಶೀತಲ್ ಬಾಗಿಲಲ್ಲಿ ಅತ್ತ ಮುಖ ಮಾಡಿ ಕೂತು ನೂಲು ಬಿಡಿಸುತ್ತಿದ್ದಳು. "ಶೀತಲ್, ಮಾಸ್ತರ್ ಬಂದಾರ, ನೀರ ತಾ ಬೇ" ಎಂದಳು ಹೊಳೆವ್ವ. ಹುಡುಗಿ ಅಲುಗಲಿಲ್ಲ. ಹೊಳೆವ್ವ ಇನ್ನೊಮ್ಮೆ ಕರೆದಳು, ಮತ್ತೊಮ್ಮೆ ಇನ್ನೂ ಜೋರಾಗಿ ಕರೆದಳು. ಆಮೇಲೆ ಬೇಸರವೇನೂ ಇಲ್ಲದೆ ಒಂದು ಖಾಲಿ ಕಂಡಿಕೆ ತೆಗೆದು ಅವಳ ಬೆನ್ನಿಗೆ ಎಸೆದಳು. ಹುಡುಗಿ ತಟ್ಟನೆ ತಿರುಗಿ, ಮಾಸ್ತರರನ್ನು ಕಂಡು ನಕ್ಕು ಎದ್ದು ನಿಂತಳು.

"ಸದ್ದಿನಾಗ ನಾವೆಲ್ಲಾ ಹಿಂಗ ಕರಿತೇವ್ರಿ ಸರ" ಎಂದಳು ಹೊಳೆವ್ವ ನಾಚಿಕೊಂಡು.

"ಈಗ ಸದ್ದ ಎಲ್ಲೈತಿ, ಹೊಳೆವ್ವ?" ಎಂದರು ಮಾಸ್ತರರು.

ಹೊಳೆವ್ವ ನಿಂತ ಮಗ್ಗಗಳನ್ನು ನೋಡಿದಳು. ಜಕ್ಕಪ್ಪನನ್ನು ನೋಡಿದಳು. ಮಾಸ್ತರರು ಅಲ್ಲೇ ಇದ್ದ ನೂಲಿನ ಗಂಟಿನ ಮೇಲೆ ಕೂತರು. ಹುಡುಗಿಯನ್ನು ಹತ್ತಿರ ಕರೆದು ಕಿವಿಯ ಹತ್ತಿ ತೆಗೆದರು. ರಾಧಿಕಾ ಹೇಳಿದ್ದು ಅಕ್ಷರಕ್ಕೆ ಅಕ್ಷರ ಖರೆ ಇತ್ತು.

"ಸಣ್ಣಾಕಿ ಇದ್ದಾಗಿಂದ ಸೋರತಾವ್ರಿ" ಎಂದಳು ಹೊಳೆವ್ವ. "ಬಳ್ಳೊಳ್ಳಿ ಎಣ್ಣಿ ಬಿಡತೇವ್ರಿ. ಬೀರಪ್ಪನ ಭಂಡಾರ ಹಚ್ಚತೇವ್ರಿ. ಹತ್ತಿ ಇಟ್ರ ನಿಲ್ಲತೈತಿ."

ಎರಡು ದಿನಕ್ಕೆ ಮಾಸ್ತರರೇ ಅಪ್ಪ ಮಗಳನ್ನು ಕರೆದುಕೊಂಡು ವಿಜಯಪುರದ ಕಿವಿ ಡಾಕ್ಟರರ ಹತ್ತಿರ ಹೋದರು. ಸ್ಕ್ಯಾನ್ ಆಯಿತು, ಯಂತ್ರ ಹಚ್ಚಿ ಪರೀಕ್ಷೆ ಆಯಿತು. ಕಿವಿಯೊಳಗೆ ಗಂಟು ಬೆಳೆದು ಎಲುಬನ್ನು ತಿಂದುಹಾಕಿದೆ, ಎಡಗಿವಿ ಹೋಗಿ ಬಹಳ ದಿನವಾಗಿದೆ ಎಂದರು ಡಾಕ್ಟರು. ಬಲಗಿವಿಯೂ ಹತ್ತಿರ ಹತ್ತಿರ ಹೋದಂತೆಯೇ. ಗಂಟು ಮಿದುಳಿಗೆ ಏರುವ ಮೊದಲು ಆಪರೇಶನ್ ಮಾಡಲೇಬೇಕು, ಅದು ಜೀವ ಉಳಿಸಲಿಕ್ಕೆ. ಕೇಳುವುದು ಮರಳಿ ಬರುವುದಿಲ್ಲ.

"ಜೂನ್, ಜುಲೈದಾಗ ಬಂದಿದ್ರ ಬಲಗಿವಿ ಉಳಿಸಬಹುದಿತ್ತು" ಎಂದರು. "ಸಾಲ್ಯಾಗ ಯಾರ ಲಕ್ಷ್ಯಕ್ಕೂ ಬರಲಿಲ್ಲೇನ್ರಿ? ಯಂತ್ರ ಗಿಂತ್ರ ಏನೂ ಬ್ಯಾಡ. ಹಿಂದ ನಿಂತ ಮೆಲ್ಲಕ ಮಾತಾಡಿ ನೋಡಿದ್ರ ಸಾಕಿತ್ತು, ಯಾರಿಗೆ ಬೇಕಾದ್ರೂ ಗೊತ್ತಾಗ್ತಿತ್ತು."

ಮಾಸ್ತರರು ಬಾಯಿ ತೆರೆದರು. ಅಷ್ಟರಲ್ಲಿ ಜಕ್ಕಪ್ಪ ಕೈಮುಗಿದು, "ಇವ್ರರೀ ಸಾಹೇಬ್ರ. ಈ ಮಾಸ್ತರ ಕಂಡ ಹಿಡದ್ರು. ಇವ್ರ ಇರಲಿಲ್ಲಂದ್ರ ನಮಗೇನ ತಿಳೀತಿತ್ರಿ" ಎಂದ. ಡಾಕ್ಟರು ಮೆಚ್ಚುಗೆಯಿಂದ ತಲೆದೂಗಿದರು. ಮಾಸ್ತರರು ತೆರೆದ ಬಾಯಿ ಮುಚ್ಚಿಕೊಂಡರು. ಇಪ್ಪತ್ತೆರಡು ಶನಿವಾರ, ಇಪ್ಪತ್ತೆರಡು ಸಲ ಆ ಪರೀಕ್ಷೆಯನ್ನು ತಾವೇ ಮಾಡಿದ್ದು, ಇಪ್ಪತ್ತೆರಡು ಸಲವೂ ಹುಡುಗಿ ಉತ್ತರ ಕೊಟ್ಟಿದ್ದು ಅವರಿಗೊಬ್ಬರಿಗೇ ಗೊತ್ತಿತ್ತು. ಅವತ್ತು ಹೇಳಬೇಕಿತ್ತು, ಹೇಳಲಿಲ್ಲ. ಹೇಡಿತನಕ್ಕೆ ಬೇರೆ ಹೆಸರಿಡಲು ಬರುವುದಿಲ್ಲ.

ಮನೆಗೆ ಬಂದು ಹೆಂಡತಿ ಮೃಣಾಲಿನಿಯ ಮುಂದೆ ವಹಿಯ ಪುಟ ತಿರುವಿ ತೋರಿಸಿದರು. ಇಪ್ಪತ್ತೆರಡು ಪುಟ, ಇಪ್ಪತ್ತೆರಡು ಸಹಿ. ಗಂಡಸಾದರೂ ಮಗುವಿನ ಹಾಗೆ ಅತ್ತರು. ಮೃಣಾಲಿನಿ ವಹಿ ಮುಚ್ಚಿಟ್ಟು, "ಅಳೋದು ಆಮ್ಯಾಲ ಅಳ್ರಿ" ಎಂದಳು. "ಆ ಹುಡುಗಿ ಇದನ್ನೆಲ್ಲ ಖರೆ ಅಂತ ತಿಳದು ಬರದಾಳ. ತನ್ನ ಲಕ್ಷ್ಯ ಇಲ್ಲದ್ದಕ್ಕ ಕಿವಿ ಹೋತು ಅಂತ ತಿಳಕೊಂಡಿರತಾಳ. ತಪ್ಪು ನಿಂದಲ್ಲ ಅಂತ ಮೊದಲ ಆಕಿಗೆ ಹೇಳ್ರಿ."

ಹೇಳುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಆಪರೇಶನ್ ಆಗಿ, ತಲೆಗೆ ಪಟ್ಟಿ ಕಟ್ಟಿಕೊಂಡು ಶೀತಲ್ ಫೆಬ್ರುವರಿಯಲ್ಲಿ ಸಾಲೆಗೆ ಬಂದಳು. ಮಾಸ್ತರರು ಶನಿವಾರದ ತಾಸು ನಿಲ್ಲಿಸಿದ್ದರು. ಅವಳನ್ನು ಮೊದಲ ಸಾಲಿನಲ್ಲಿ ಕೂಡ್ರಿಸಿ, ಹೇಳುವುದನ್ನೆಲ್ಲ ಹಲಗೆಯ ಮೇಲೆ ಬರೆದರು. ಉಳಿದ ಮಾಸ್ತರರು ಎಷ್ಟೆಂದು ಬರೆದಾರು? ಅವರು ಓಡಾಡುತ್ತ ಹೇಳುವವರು, ಹಲಗೆಯ ಕಡೆ ಮುಖ ಮಾಡಿ ಮಾತಾಡುವವರು. ಹಿರಿಯ ಮಾಸ್ತರ ಗಿರಮಲ್ಲಪ್ಪನವರು, "ಕಿವುಡ ಮಕ್ಕಳ ಸಾಲಿ ಎಲ್ಲೈತಿ ನೋಡ್ರಿ ಗಲಗಲಿಯವ್ರ, ಇಲ್ಲಿ ಆಕಿ ಬರೇ ಕುಂತು ಹೋಗತಾಳ" ಎಂದರು. ಮಾಸ್ತರರು ಅಂಥ ಸಾಲೆ ಹುಡುಕಿದರು, ಅರ್ಜಿ ಬರೆದರು. ಅಷ್ಟು ದೂರ ಮಗಳನ್ನು ಒಬ್ಬಳನ್ನೇ ಬಿಡಲು ಹೊಳೆವ್ವ ಒಪ್ಪಲಿಲ್ಲ. ಶೀತಲ್ ಎದುರಿಗೆ ಬಂದಾಗಲೆಲ್ಲ ಮಾಸ್ತರರು 'ಇವತ್ತು ಹೇಳುತ್ತೇನೆ' ಅಂದುಕೊಳ್ಳುವರು. ಅವಳು ಎಲ್ಲದಕ್ಕೂ ತಲೆಯಾಡಿಸಿ "ಹೌದ್ರಿ ಸರ" ಎಂದು ತುಟಿ ಅಲುಗಿಸುವಳು. ಅದನ್ನು ಕಂಡೊಡನೆ ಇವರು ಹಲಗೆಯ ಕಡೆ ತಿರುಗಿ ಪಾಠ ಬರೆಯತೊಡಗುವರು. ಹಾಗೇ ಪರೀಕ್ಷೆ ಬಂತು, ಬೇಸಿಗೆ ರಜೆ ಬಂತು. ಜೂನ್‌ನಲ್ಲಿ ಸಾಲೆ ಶುರುವಾದಾಗ ಶೀತಲ್ ಬರಲಿಲ್ಲ.

ಎರಡು ವಾರ ಕಾದು ಮಾಸ್ತರರು ಶೆಡ್ಡಿಗೆ ಹೋದರು. ಹುಡುಗಿ ತಾಯಿಯ ಪಕ್ಕದಲ್ಲಿ ಕಂಡಿಕೆ ಯಂತ್ರದ ಮುಂದೆ ಕೂತಿದ್ದಳು. ಕೈ ಚಕಚಕ ಓಡುತ್ತಿತ್ತು. ಜಕ್ಕಪ್ಪ ಮಾಸ್ತರರನ್ನು ಹೊರಗೆ ಬೇವಿನ ಗಿಡದ ಬುಡಕ್ಕೆ ಕರೆದುಕೊಂಡು ಹೋಗಿ ಕೂಡ್ರಿಸಿದ.

"ಸಿಟ್ಟಾಗಬ್ಯಾಡ್ರಿ ಸರ. ಸಾಲ್ಯಾಗ ಕುಂತ ಆಕಿ ಏನ ಕೇಳತಾಳ್ರಿ? ಇಲ್ಲಾದ್ರ ಸದ್ದಿನ ತ್ರಾಸಿಲ್ಲ ಆಕಿಗೆ. ನಮಗೆಲ್ಲಾ ಸಂಜಿಕ ತಲಿ ಹಿಡೀತೈತಿ, ಆಕಿಗೆ ಏನೂ ಆಗಂಗಿಲ್ಲ. ಇಂಥಾ ಕೈ ಸಿಗೂದಿಲ್ಲ ಅಂತಾರ ಮಾಲಕರು."

"ಆಕಿ ಇನ್ನೂ ಕೂಸು, ಜಕ್ಕಪ್ಪ. ಕಾಯ್ದೆಕ್ಕೂ ಇದು ಸರಿ ಅಲ್ಲ. ಸಾಲಿಗೆ ಕಳಸು. ನಾ ಎಲ್ಲಾ ಬರದ ಕೊಡತೇನಿ."

"ಎಷ್ಟ ದಿನ ಬರದ ಕೊಡತೀರ್ರಿ? ಒಂಬತ್ತನೇದು ನೀವು ಬರದ್ರಿ. ಮುಂದ?"

ಆರು ತಿಂಗಳಿಂದ ಒಳಗಿಟ್ಟುಕೊಂಡ ಮಾತೊಂದು ಮಾಸ್ತರರಲ್ಲಿತ್ತು. ಅದನ್ನೇ ಹೊರಹಾಕಿದರು. "ಜಕ್ಕಪ್ಪ, ನಾ ಕಂಡ ಹಿಡದವ ಅಲ್ಲೋ. ಆರು ತಿಂಗಳ ಆಕಿ ಬೆನ್ನ ಹಿಂದ ನಿಂತ ಓದೇನಿ. ಆಕಿಗೆ ಕೇಳಸೂದಿಲ್ಲ ಅನ್ನೂದು ನನ್ನ ಕಣ್ಣ ಮುಂದನ ಇತ್ತು. ನಾ ಆಕಿ ಆಲಸಿ ಅಂತ ತಿಳದೆ. ಆವಾಗ ಕರಕೊಂಡ ಹೋಗಿದ್ರ ಒಂದ ಕಿವಿ ಉಳೀತಿತ್ತು. ನಂದ ತಪ್ಪು."

ಜಕ್ಕಪ್ಪ ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಮಾಸ್ತರರಿಗೆ ಹಗುರಾಗುತ್ತಿತ್ತು. ಅವನು ಮಾಸ್ತರರ ಎರಡೂ ಕೈ ಹಿಡಿದುಕೊಂಡ. "ನಾ ಹಡದ ಅಪ್ಪ, ಮನ್ಯಾಗ ಇದ್ದವ. ನನಗ ತಿಳೀಲಿಲ್ಲ. ನಿಮಗೇನ ಅನ್ನಲ್ರಿ?" ಎಂದು ಒಳಗೆ ಹೋಗಿ ಮಗಳನ್ನು ಕಳಿಸಿದ.

ಶೀತಲ್ ಬಂದು ಕೈಕಟ್ಟಿ ನಿಂತಳು. ಕೂದಲಿಗೆಲ್ಲ ಹತ್ತಿಯ ಎಳೆ ಅಂಟಿತ್ತು. ಮಾಸ್ತರರು ಚೀಲದಿಂದ ಹಾಳೆ ತೆಗೆದು, ದೊಡ್ಡ ಅಕ್ಷರದಲ್ಲಿ ಬರೆದರು: 'ನೀನು ಆಲಸಿ ಇರಲಿಲ್ಲ. ನಿನ್ನ ಕಿವಿಗೆ ರೋಗ ಇತ್ತು. ನಾನು ತಿಳಿಯಲಿಲ್ಲ. ತಪ್ಪು ನನ್ನದು, ನಿನ್ನದಲ್ಲ. ಸಾಲೆಗೆ ಬಾ.'

ಹುಡುಗಿ ಓದಿದಳು. ಓದಿ ಮುಗಿದ ಮೇಲೆ ಇನ್ನೊಮ್ಮೆ ಮೊದಲಿನಿಂದ ಓದಿದಳು. ಮಾಸ್ತರರ ಮುಖ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಸಮಾಧಾನವೂ ಇರಲಿಲ್ಲ. ಮಾಸ್ತರರು ಅಳುತ್ತಿದ್ದಾರೆಂದು ತುಸು ಹೆದರಿದ್ದಳು, ಅಷ್ಟೇ.

"ಬ್ಯಾಡ್ರಿ ಸರ" ಎಂದಳು, ದನಿ ಬಂತೋ ಇಲ್ಲವೋ ಎಂಬಷ್ಟು ಮೆಲ್ಲಗೆ. "ಸಾಲ್ಯಾಗ ನನ್ನಿಂದ ದಿನಾ ತಪ್ಪ ಆಗತಿತ್ರಿ. ಇಲ್ಲಿ ಯಾರಿಗೂ ಏನೂ ಕೇಳಸಂಗಿಲ್ಲ. ಇಲ್ಲಿ ನಾನೂ ಎಲ್ಲಾರಂಗ ಅದೀನ್ರಿ."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಿಂದ ಮಾಸ್ತರರಿಗೇ ಮರಳಿಸಿ, ಕೆಲಸ ನಿಂತಿದೆ ಎಂದು ಹೇಳಿ ಒಳಗೆ ಹೋದಳು.